ಪಾವಣೆ ದಹಾ

ನಿದ್ದೆಯಿಂದ ಎದ್ದ ಮನುಷ್ಯ ಮೊದಲು ಕೇಳುವುದು ದೇವರನ್ನಲ್ಲ, ಟೈಮೆಷ್ಟು ಎಂದು. ಕೇಳಿಸಿಕೊಂಡವರು ಏನು ಹೇಳುತ್ತಾರೋ ಅದನ್ನು ನಂಬಿ ಇಡೀ ದಿನ ಓಡುತ್ತಾನೆ. ಈ ವಿಷಯದಲ್ಲಿ ಯಂತ್ರಗಳೂ ನಮ್ಮ ಹಾಗೆಯೇ ಎಂದು ನನಗೆ ತಿಳಿದದ್ದು ಪುಣೆಯಲ್ಲಿ. ಖಡಕಿಯ ಆಚೆ ಒಂದು ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ. ಎಂಬತ್ತರ ದಶಕ ಅದು. ಒಂದೇ ಹಲಗೆಯ ಪುಟ್ಟ ಕಂಪ್ಯೂಟರೊಂದನ್ನು ತರಿಸಿ, ಪಾಳಿಯ ಭೋಂಗಾ, ಅಂದರೆ ಸೈರನ್ನು, ಊದಿಸುವ ಕೆಲಸವನ್ನು ಅದಕ್ಕೂ, ಅದನ್ನು ನೋಡಿಕೊಳ್ಳುವ ಕೆಲಸವನ್ನು ನನಗೂ ಒಪ್ಪಿಸಿದ್ದರು. ರೊಟ್ಟಿ ತಟ್ಟುವ ಮಣೆಯಷ್ಟು ಅಗಲ, ಮೇಲೊಂದಿಷ್ಟು ಗುಂಡಿ, ಕೆಂಪಗೆ ಮಿನುಗುವ ಅಂಕಿಗಳು. ಬುದ್ಧಿವಂತ ಯಂತ್ರವೇ. ಆದರೆ ಕರೆಂಟು ಹೋಗಿ ಬಂತೋ, ಹುಟ್ಟಿದ ಕೂಸಿನಂತೆ ಸೊನ್ನೆಯಿಂದ ಶುರು. ಯಾರಾದರೂ ಗುಂಡಿ ಒತ್ತಿ ‘ಈಗ ಇಷ್ಟು ಗಂಟೆಯಪ್ಪಾ’ ಎಂದು ಹೇಳಬೇಕು. ಆ ಯಾರಾದರೂ ಎಂದರೆ ನಾನೇ.

“ನಿಮ್ಮ ಕಂಪ್ಯೂಟರಿಗೆ ಎದ್ದ ಕೂಡಲೆ ಟೈಮ್ ಹೇಳಾಕ ಒಬ್ಬ ಆಳು ಬೇಕಂದ್ರ, ಅದು ಕಂಪ್ಯೂಟರೋ, ಮನಿ ಅಳಿಯಾನೋ?” ಎಂದು ಕೇಳಿದ್ದಳು ನನ್ನ ಹೆಂಡತಿ ಸುಮಿತ್ರಾ. ಅವಳು ಬೆಳಗಾವಿಯವಳು, ನಾನು ತುಮಕೂರಿನವನು. ಅಳಿಯನ ಮಾತು ತೆಗೆದದ್ದಕ್ಕೆ ಕಾರಣವಿತ್ತು. ಮದುವೆಯಲ್ಲಿ ಅವಳ ಅಪ್ಪ ತಮ್ಮ ಕೈಯಲ್ಲಿದ್ದ ವಾಚನ್ನೇ ಬಿಚ್ಚಿ ನನ್ನ ಕೈಗೆ ಕಟ್ಟಿದ್ದರು. ಒಳ್ಳೆಯ ವಾಚು. ದಿನಾ ಕೀಲಿ ಕೊಟ್ಟರೆ ಸಾಕು, ಐದು ನಿಮಿಷ ಹಿಂದೆ ಇರುತ್ತದೆ ಅಷ್ಟೆ. ಮಾವನವರೂ ಯಾವುದಕ್ಕೂ ಅವಸರ ಮಾಡುವವರಲ್ಲ. ನಾನು ಆ ವಾಚನ್ನು ಕಟ್ಟಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ.

ಒಂದು ಶುಕ್ರವಾರ. ಮಾವನವರು ಬೆಳಗಾವಿಯ ಆಸ್ಪತ್ರೆಯಲ್ಲಿದ್ದರು, ಮರುದಿನ ಬೆಳಿಗ್ಗೆ ಹೊಟ್ಟೆಯ ಆಪರೇಷನ್ ಎಂದು ಸುದ್ದಿ ಬಂದಿತ್ತು. ಒಳಗೆ ಕರೆದೊಯ್ಯುವ ಮೊದಲು ಅಪ್ಪನ ಹತ್ತಿರ ಎರಡು ಮಾತಾಡಬೇಕು ಎಂಬುದೊಂದೇ ಸುಮಿತ್ರಾಳ ಹಟ. ನನಗೆ ರಜೆ ಸಿಗಲಿಲ್ಲ. ಯಂತ್ರಕ್ಕೆ ಟೈಮು ಹೇಳುವವರು ಬೇರೆ ಯಾರೂ ಇರಲಿಲ್ಲವಲ್ಲ! ನಾನು ರಾತ್ರಿಯ ಬಸ್ಸಿಗೆ ಬರುವುದು, ಅವಳು ಸ್ವಾರಗೇಟಿನಿಂದ ಮಧ್ಯಾಹ್ನದ ಬಸ್ಸು ಹಿಡಿಯುವುದು ಎಂದಾಯಿತು. “ಊಟದ ಭೋಂಗಾ ಆದ ಕೂಡಲೆ ಮನಿ ಬಿಡ್ತೀನ್ರಿ” ಎಂದಳು. ಕಾರ್ಖಾನೆಯ ಪಕ್ಕದ ನಮ್ಮ ಕಾಲನಿಯಲ್ಲಿ ಎಲ್ಲರ ಗಡಿಯಾರವೂ ಆ ಭೋಂಗಾವೇ.

ಅಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಯಂತ್ರ ಸೊನ್ನೆ ತೋರಿಸುತ್ತ ಕೂತಿತು. ಮಾವನ ವಾಚು ನೋಡಿದೆ, ಹತ್ತಕ್ಕೆ ಇನ್ನೂ ಕಾಲು ಗಂಟೆಗಿಂತ ಹೆಚ್ಚು ಬಾಕಿ. ನಂಬಿಕೆ ಬರಲಿಲ್ಲ. ಟೆಲಿಫೋನ್ ಬೋರ್ಡಿನ ಜೋಶಿಬಾಯಿಯವರಿಗೆ ಫೋನು ಮಾಡಿ ಟೈಮು ಕೇಳಿದೆ. “ಪಾವಣೆ ದಹಾ” ಎಂದು ಅವರು ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟರು. ದಹಾ ಎಂದರೆ ಹತ್ತು, ಅಷ್ಟು ಮರಾಠಿ ನನಗೆ ಬರುತ್ತಿತ್ತು. ಪಾವು ಎಂದರೆ ಕಾಲು ಸೇರು ಎನ್ನುವುದು ತುಮಕೂರಿನಲ್ಲಿ ಅಕ್ಕಿ ಅಳೆದ ಯಾರಿಗಾದರೂ ಗೊತ್ತು. ಹತ್ತು, ಅದರ ಮೇಲೊಂದು ಪಾವು: ಹತ್ತೂ ಕಾಲು! ಮಾವನ ವಾಚು ಅರ್ಧ ಗಂಟೆಗೂ ಮಿಕ್ಕಿ ಹಿಂದೆ ಬಿದ್ದಿದೆಯಲ್ಲಾ ಎಂದು ಮರುಗುತ್ತ ಹತ್ತೂ ಕಾಲನ್ನೇ ಒತ್ತಿದೆ. ಬೆಳಗಾವಿ ಕಡೆಯವಳಾದ ಸುಮಿತ್ರಾಳೂ ತವರಿನಲ್ಲಿ ಪಾವಣೆ ಎನ್ನುವವಳೇ ಇರಬೇಕು. ಆದರೆ ನನ್ನ ಹತ್ತಿರ ಅವಳು ಗಂಟೆಯ ಲೆಕ್ಕವನ್ನೇ ಹೇಳುತ್ತಿರಲಿಲ್ಲ, “ಹೊತ್ತಾತ್ರಿ” ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಊಟದ ಭೋಂಗಾ ಊದಿತು. ಎಲ್ಲರೂ ಕ್ಯಾಂಟೀನಿಗೆ ನುಗ್ಗಿದೆವು. ಅಡಿಗೆಯವ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತ. “ಭಾತ್ ಅಜೂನ್ ಕಚ್ಚಾ ಆಹೆ, ಸಾಹೇಬ!” ಅನ್ನ ಇನ್ನೂ ಬೆಂದಿಲ್ಲವಂತೆ. ಭೋಂಗಾಕ್ಕೆ ತಲೆ ಕೆಟ್ಟಿದೆಯೋ ನನಗೋ ಎಂದು ವಿಚಾರಣೆಯಾಯಿತು. ಪಾವಣೆ ಎಂದರೆ ಒಂದು ಪಾವು ಹೆಚ್ಚಲ್ಲ, ಒಂದು ಪಾವು ಕಡಿಮೆ, ಅಂದರೆ ಒಂಬತ್ತೂ ಮುಕ್ಕಾಲು ಎಂದು ಜೋಶಿಬಾಯಿ ಎಲ್ಲರೆದುರು ಪಾಠ ಹೇಳಿದರು. ಓಡಿಹೋಗಿ ಯಂತ್ರವನ್ನು ತಿದ್ದಿದೆ. ಅದು ನಿಯತ್ತಿನಿಂದ ಸರಿಯಾದ ಹೊತ್ತಿಗೆ ಮತ್ತೊಮ್ಮೆ ಊದಿತು. ಒಂದೇ ದಿನ ಎರಡು ಮಧ್ಯಾಹ್ನ ಕಂಡ ಕಾರ್ಖಾನೆ ನಮ್ಮದು. ಜನ ನಕ್ಕರು, ನನಗೆ ನಾಚಿಕೆಯಿಂದ ಬೆಂದ ಅನ್ನವೂ ಇಳಿಯಲಿಲ್ಲ.

ರಾತ್ರಿಯ ಬಸ್ಸು ಹಿಡಿದು ಬೆಳಿಗ್ಗೆ ಬೆಳಗಾವಿ ತಲುಪಿದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಸುಮಿತ್ರಾ ಕೂತಿದ್ದಳು. ಮಾವನವರನ್ನು ಆಗಲೇ ಒಳಗೆ ಕರೆದೊಯ್ದಿದ್ದರು. ಅವರು ಮತ್ತೆ ಕಣ್ಣು ತೆರೆಯಲಿಲ್ಲ. ನಾನು ಅವರಿಗೆ ಒಂದು ನಮಸ್ಕಾರ ಹೇಳುವುದೂ ಉಳಿದೇ ಹೋಯಿತು. ಆ ನೋವು ಇಂದಿಗೂ ಇದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಸುಮಿತ್ರಾ ಹೇಳಿದಳು. ಆ ದಿನ ಭೋಂಗಾ ಕೇಳಿದ್ದೇ ತಡ ಬಾಗಿಲಿಗೆ ಕೀಲಿ ಹಾಕಿ ರಿಕ್ಷಾ ಹತ್ತಿದ್ದಳಂತೆ. ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯೊಂದು ಬಂದು ಅಲ್ಲೇ ನಿಂತುಬಿಟ್ಟಿತ್ತು. ಗೇಟು ತೆರೆದು ಸ್ವಾರಗೇಟು ಮುಟ್ಟಿದಾಗ ಕಂಡಕ್ಟರು ಗಂಟೆ ಹೊಡೆಯುತ್ತಿದ್ದ, ಓಡಿ ಹತ್ತಿದಳು. ಆಗ ನಾನು ಪಾವಣೆಯ ಕಥೆ ಹೇಳಿದೆ, ಅವಳು ಕೇಳಿದ ಭೋಂಗಾ ಅರ್ಧ ಗಂಟೆ ಮೊದಲೇ ಊದಿದ್ದೆಂದೂ ಹೇಳಿದೆ.

“ಅಪ್ಪ ಆ ರಾತ್ರಿ ಭಾಳ ಮಾತಾಡಿದ್ರು. ‘ಅಳಿಯಾ ವಾಚಿಗೆ ದಿನಾ ಕೀಲಿ ಕೊಡ್ತಾನೇನವಾ?’ ಅಂತ ಕೇಳಿದ್ರು. ಹೂಂ ಅಂದೆ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾವಣೆ ಅಂದ್ರೇನಂತ ಗೊತ್ತಿಲ್ಲದ ಗಂಡ ಸಿಕ್ಕದ್ದು ಚಲೋ ಆತು ಬಿಡ್ರಿ.”

ನನ್ನ ದಡ್ಡತನಕ್ಕೆ ಸಿಕ್ಕ ಬಿರುದು ಅದೊಂದೇ. ಆಮೇಲೆ ಕರೆಂಟು ಹೋಗಿ ಬಂದಾಗ ನಾನು ಜೋಶಿಬಾಯಿಯವರನ್ನು ಕೇಳುವುದನ್ನು ಬಿಟ್ಟೆ. ಮಾವನ ವಾಚು ಏನು ತೋರಿಸುತ್ತದೋ ಅದನ್ನೇ ಒತ್ತುತ್ತಿದ್ದೆ. ನಾನು ಅಲ್ಲಿರುವವರೆಗೂ ಪುಣೆಯ ಒಂದು ಕಾರ್ಖಾನೆ ಬೆಳಗಾವಿಯ ಒಬ್ಬ ನಿಧಾನಸ್ಥನ ಟೈಮಿನಲ್ಲಿ, ಐದು ನಿಮಿಷ ಹಿಂದೆ ನಡೆಯಿತು. ಬೆಳಿಗ್ಗೆ ತಡವಾಗಿ ಬರುವವರು ನನಗೆ ಕೈಮುಗಿಯುತ್ತಿದ್ದರು. ಅವರೇ ಸಂಜೆ ಭೋಂಗಾ ಊದದೆ ಗೇಟಿನಲ್ಲಿ ಕಾಯುವಾಗ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಾವನ ಪಾಲಿನ ಬೈಗುಳ ಅಳಿಯನಲ್ಲದೆ ಇನ್ಯಾರು ತಿನ್ನಬೇಕು ಎಂದುಕೊಂಡು ವಾಚಿಗೆ ಕೀಲಿ ಕೊಡುತ್ತಿದ್ದೆ.