ನಮ್ಮತ್ತಿಯ ಇಂಜಿನ್ ಜೋಪಾನ

ಹೊಸಪೇಟೆಯಾಗ ನಂದು ಸಣ್ಣ ಇಂಜಿನ್ ರಿಪೇರಿ ಅಂಗಡಿ. ದಿನಾ ಬಂದೋರಿಗೆಲ್ಲ ಬುದ್ಧಿ ಹೇಳ್ತೀನಿ, ಯಾರೂ ಕೇಳಂಗಿಲ್ಲ. ನನ್ನ ಮಾತು ಅಕ್ಷರಕ್ಕಕ್ಷರ ಕೇಳೋರು ಕಂಪ್ಲಿಯಾಗಿರೋ ನಮ್ಮತ್ತಿ, ನನ್ನ ಹೆಂಡತಿ ತಾಯಿ, ಒಬ್ಬರೇ. ಭಾಳ ದೊಡ್ಡ ಹೆಣ್ಮಗಳು. ಫಜೀತಿ ಆಗೋದೂ ಅವರ ಮನ್ಯಾಗೇ.

ಚಪ್ಪಲಿ

ಅತ್ತಿ ತಾವೇ ನಿಂತು ಭತ್ತದ ಗದ್ದಿ ಮಾಡಸ್ತಾರ. ಬೆಳಿಗೆ ಔಷಧ ಹೊಡಿಯೋ ಪೆಟ್ರೋಲ್ ಇಂಜಿನ್ನಿನ ಪಂಪು ತಗೊಂಡ ಹೊಸದ್ರಾಗ ನಾ ಹೋದ್ರ, ಪೆಟ್ರೋಲು ನೀರಿನ ಬಾಟ್ಲಿಯಾಗ, ಬಾಟ್ಲಿ ಒಲಿ ಪಕ್ಕದ ಗ್ವಾಡಿ ಮಾಡದಾಗ. ಮೊದಲ ಬಾಟ್ಲಿ ಎತ್ತಿ ಹೊರಗ ಇಟ್ಟೆ. ಯಾರಾದ್ರೂ ನೀರಂತ ಕುಡದಾರು, ಬೆಂಕಿ ಹತ್ತೀತು, ಇದಕ್ಕಂತಲೇ ಬರೋ ಕ್ಯಾನಿನಾಗ ಹಾಕಿ ಬಿಗಿ ಮುಚ್ಚಿ ಹಿತ್ತಲ ಶೆಡ್ಡಿನಾಗ ಇಡ್ರಿ, ಮ್ಯಾಲ ಪೆಟ್ರೋಲ್ ಅಂತ ಹೆಸರು ಬರೀರಿ ಅಂದೆ.

ಮುಂದಿನ ಸಲ ಹೋದ್ರ ಎಲ್ಲಾ ಹೇಳಿದಂಗ ಆಗಿತ್ತು. ಹೆಸರಿನ ಜೊತಿ, ಕ್ಯಾನಿನ ಹಿಡಿಕಿಗೆ ಒಂದು ಹರಕ ಚಪ್ಪಲಿ ಕಟ್ಟಿದ್ರು. "ಬರದದ್ದು ಎಲ್ಲಾರೂ ಓದಂಗಿಲ್ಲ. ಚಪ್ಪಲಿ ಕಟ್ಟಿದ್ದನ್ನ ಯಾರೂ ಬಾಯಿಗೆ ಹಚ್ಚಂಗಿಲ್ಲ," ಅಂದ್ರು. ಈಗ ನನ್ನ ಅಂಗಡಿ ಕ್ಯಾನಿಗೂ ಒಂದು ಚಪ್ಪಲಿ ಐತಿ.

ಬೀಡಿ

ಬಿಸಿ ಇಂಜಿನ್ ಹೊರಗ ಆರಿಸಿ ಒಳಗ ಇಡ್ರಿ, ಹತ್ರ ಬೀಡಿ ಗೀಡಿ ಬ್ಯಾಡ ಅಂತನೂ ಹೇಳಿದ್ದೆ. ಅದೇ ಶೆಡ್ಡಿನಾಗ ಮಾವ ಮಲಗೋ ಹೊರಸು. ಮಾವನ ಬಾಯಾಗ ಯಾವಾಗಲೂ ಬೀಡಿ. ಅತ್ತಿ ಹೊರಸು ಎತ್ತಿಸಿ ಬೀದ್ಯಾಗಿನ ಬೇವಿನ ಗಿಡದ ಕೆಳಗ ಹಾಕಿಸಿದ್ರು.

ಮಾವ ನನ್ನ ಕೈ ಹಿಡಕೊಂಡ್ರು. "ಅಳಿಯಂದ್ರ, ಇಷ್ಟು ವರ್ಷ ಕೆಮ್ಮಾಕ ಹತ್ತೀನಿ, ಬೀಡಿ ಬಿಡು ಅಂತ ಆಕಿ ಒಮ್ಮೆನೂ ಅಂದಿಲ್ಲ. ಇಂಜಿನ್ ಬಂದ ಮ್ಯಾಲ ಅಂದಳು."

ಉಡಿ

ಬೆಳಿ ಮುಗದು ತಿಂಗಳಗಟ್ಟಲೆ ಎತ್ತಿಡೋದಿದ್ರ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡ್ರಿ ಅಂದಿದ್ದೆ. ಮಾಡಿದ್ರು. ಮುಂದಿನ ಬೆಳಿಗೆ ಜಿಗಿಹುಳ ಬಿತ್ತು. ಅತ್ತಿ ಫೋನ್ ಮಾಡಿದ್ರು. ಪಂಪು ಚಾಲೂ ಆಗವಲ್ದು, ಊರಾಗಿನ ಪಂಪೆಲ್ಲ ಅವರವರ ಗದ್ದ್ಯಾಗ ಅದಾವು, ಇವತ್ತು ಹೊಡೀಲಿಲ್ಲಂದ್ರ ಬೆಳಿ ಹೋತು ಅಂದ್ರು. ನನ್ನ ಮಾತು ಕೇಳೇ ಹಿಂಗಾತಂದ್ರ ಆ ಮನಿಗೆ ಯಾವ ಮುಖ ಇಟಗೊಂಡು ಹೋಗ್ಲಿ ಅಂತ ಗಾಡಿ ಹತ್ತಿದೆ.

ಗದ್ದಿ ಬದುವಿನ ಮ್ಯಾಲ ಕುಂತು ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಪೆಟ್ರೋಲಿನ ತಳದಾಗ ಅರಿಷಿಣ ಹಚ್ಚಿದ ಅಕ್ಕಿ, ಜೊತಿಗೊಂದು ಅಡಕಿ. ಇದೇನ್ರಿ ಅಂದೆ.

"ಮನಿ ಮಗಳನ್ನ ಕಳಸುವಾಗ ತುಂಬಿದಂಗ ಉಡಿ ತುಂಬೀನಿ. ಬೆಳಿ ಪೂರಾ ನಮಗಾಗಿ ದುಡದಾಳ. ಖಾಲಿ ಉಡಿಲೆ ಒಳಗ ಕಳಸಾಕ ಮನಸು ಬರಲಿಲ್ಲ," ಅಂದ್ರು. ಈ ಸಲ ಪಂಪು ಹೊರಗ ತೆಗದಾಗ, ತುಂಬಿದ ಉಡಿ ಚೆಲ್ಲಬಾರದಂತ ಅದರ ಮ್ಯಾಲೇ ಪೆಟ್ರೋಲ್ ಸುರುವಿದ್ರು.

ನಗು ನುಂಗಿಕೊಂಡು ಟ್ಯಾಂಕ್ ಖಾಲಿ ಮಾಡಿದೆ, ಪೈಪಿನಾಗ ಸಿಕ್ಕಿದ್ದ ಅಕ್ಕಿ ತೆಗದೆ. ಚಾಲೂ ಮಾಡೋ ಹಗ್ಗ ಜಗ್ಗಿದ್ದಕ್ಕ ಇಂಜಿನ್ ಗುರ್ ಅಂತು. ಹೊತ್ತು ಮುಳುಗೋದ್ರಾಗ ಔಷಧ ಹೊಡದು ಮುಗೀತು, ಬೆಳಿ ಉಳೀತು. ಆಗ ನನಗೂ ಧೈರ್ಯ ಬಂತು. ಅಕ್ಕಿ ಹಾಕೋ ಮೊದಲ ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ ಅಂದೆ.

ಅತ್ತಿ ನನ್ನ ಅಡಿಯಿಂದ ಮುಡಿತನಕ ನೋಡಿದ್ರು.

"ಪೆಟ್ರೋಲ್ ಇರಬಾರದು ಅಂದ್ರಿ, ತೆಗದೆ. ಅಕ್ಕಿ ಇರಬಾರದು ಅಂತ ಯಾವಾಗ ಹೇಳಿದ್ರಿ, ಅಳಿಯಂದ್ರ?"