ದ್ರಿಸ್ಕಾಲಪ್ಪನ ಮೊಳೆ

ನಮ್ಮ ಪಡಸಾಲೆಯ ಗೋಡೆಗೆ ಒಂಬತ್ತು ಮೊಳೆಗಳಿವೆ. ಎಂಟರಲ್ಲಿ ನನ್ನ ಹೆಂಡತಿ ಕೊಟ್ರಬಸಮ್ಮನ ತವರಿನ ಹಿರಿಯರು ನೇತಾಡುತ್ತಿದ್ದಾರೆ. (ಫೋಟೋಗಳಲ್ಲಿ. ಸಿಟ್ಟು ಬಂದಾಗ ನನಗೆ ಬೇರೆ ಥರವೂ ಕಾಣಿಸುವುದುಂಟು.) ಎಲ್ಲರೂ ಸಿರುಗುಪ್ಪದವರು, ಎಲ್ಲರಿಗೂ ರುಮಾಲು, ಎಲ್ಲರಿಗೂ ಕಿವಿ ಮುಟ್ಟುವ ಮೀಸೆ. ಮಧ್ಯಾಹ್ನ ಊಟವಾಗಿ ನಾನು ಸ್ವಲ್ಪ ಅಡ್ಡಾದರೆ ಸಾಕು, ಹದಿನಾರು ಕಣ್ಣುಗಳು ನನ್ನನ್ನೇ ನೋಡುತ್ತವೆ. ಒಂಬತ್ತನೆಯ ಮೊಳೆ ಖಾಲಿ. ಅದು ನನ್ನ ವಂಶಕ್ಕೆ ಮೀಸಲು.

"ನಿಮ್ಮ ಕಡಿ ಯಾರದರ ಒಂದು ಫೋಟೋ ತರ್ರಿ ಮಾಮಾ, ನಾನ ಹೂವಿನ ಸರ ಹಾಕ್ತೀನಿ" ಎಂದು ಅವಳು ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತಿದ್ದಾಳೆ. ಫೋಟೋ ಇದ್ದರೆ ತಾನೇ ತರುವುದು? ಕುರುಗೋಡಿನ ನಮ್ಮಜ್ಜ, ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿ ತೊಂಬತ್ತೊಂದು ವರ್ಷ ಬದುಕಿದವರು.

ಇಲ್ಲೊಂದು ಮಾತು. ಅವಳು ನನ್ನನ್ನು ಮಾಮಾ ಎನ್ನುವುದು ಪ್ರೀತಿಗಲ್ಲ, ನಾನು ನಿಜವಾಗಿಯೂ ಅವಳ ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ಲಗ್ನವಾಗುವುದು ವಾಡಿಕೆ. ಹೀಗಾಗಿ ಸಿರುಗುಪ್ಪಕ್ಕೆ ಕೊಟ್ಟ ನಮ್ಮಕ್ಕ ಸುವರ್ಣಮ್ಮನೇ ನನಗೆ ಅತ್ತೆ. ಇದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತದ್ದರಿಂದಲೇ ಮುಂದಿನ ಅನಾಹುತವೆಲ್ಲ ಆಯಿತು.

ನಾನು ಪ್ರಭುಲಿಂಗ, ಬಳ್ಳಾರಿಯಲ್ಲಿ ಮೂವತ್ತೊಂದು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತನಾದವನು. ಎಮ್ಮೆಯ ಹಿಂದೆ, ಕತ್ತಲ ಮೂಲೆಯಲ್ಲಿ, ಜೇಡರ ಬಲೆಯೊಳಗೆ ಇರುವ ಅಂಕಿಯನ್ನೂ ಬಿಡದೆ ಓದಿದ ಕಣ್ಣು ನನ್ನದು. ಈ ಕೀರ್ತಿ ಕೇಳಿಯೇ ಕಂಟೋನ್ಮೆಂಟ್ ಕಡೆಯ ಹಳೇ ಚರ್ಚಿನ ಹಿರಿಯರೊಬ್ಬರು ಬೆಳಗಿನ ವಾಕಿಂಗಿನಲ್ಲಿ ನನ್ನನ್ನು ಹಿಡಿದರು. ಐರ್ಲೆಂಡಿನಿಂದ ಡ್ರಿಸ್ಕಾಲ್ ಎಂಬೊಬ್ಬ ಸಾಹೇಬರು ಪತ್ರ ಬರೆದಿದ್ದರಂತೆ. ಅವರ ಮುತ್ತಜ್ಜನ ಅಣ್ಣ ಕಾರ್ನೀಲಿಯಸ್ ಡ್ರಿಸ್ಕಾಲ್ ಎಂಬುವನು ಬಳ್ಳಾರಿಯ ದಂಡಿನಲ್ಲಿ ಸಿಪಾಯಿಯಾಗಿದ್ದ, ಮನೆಗೆ ಮರಳಲಿಲ್ಲ, ಎಲ್ಲಿ ಮಣ್ಣಾದನೋ ನೋಡಿ ತಿಳಿಸಿ ಎಂದು ಕೇಳಿದ್ದರು.

ನಾಲ್ಕು ದಿನ ಕೂತು ಮೂರು ದಪ್ಪ ರಿಜಿಸ್ಟರು ಓದಿದೆ. ಒಂದರಲ್ಲಿ ಹುಟ್ಟಿದವರು, ಒಂದರಲ್ಲಿ ಲಗ್ನವಾದವರು, ಮೂರನೆಯದರಲ್ಲಿ ಸತ್ತವರು. (ಎರಡಕ್ಕೂ ಮೂರಕ್ಕೂ ಹೆಚ್ಚು ಅಂತರವಿಲ್ಲವೆಂದು ನನ್ನ ಅನುಭವ.) ಸತ್ತವರಲ್ಲಿ ಡ್ರಿಸ್ಕಾಲ್ ಇರಲಿಲ್ಲ. ಆದರೆ ೧೮೬೪ರ ಒಂದು ಪುಟದ ಅಂಚಿನಲ್ಲಿ ಆಗಿನ ಪಾದ್ರಿಗಳು ಸಣ್ಣಕ್ಷರದಲ್ಲಿ ಬರೆದಿದ್ದರು: ಸಿಪಾಯಿ ಡ್ರಿಸ್ಕಾಲ್ ಸತ್ತಿಲ್ಲ, ಕುರುಗೋಡಿನ ದಾರಿ ಹಿಡಿದು ನಡೆದದ್ದನ್ನು ಕಂಡವರಿದ್ದಾರೆ.

ಕುರುಗೋಡು! ನನ್ನ ಎದೆ ನಗಾರಿಯಾಯಿತು. ನಮ್ಮಜ್ಜನದು ಬೆಕ್ಕಿನ ಕಣ್ಣು. ನನ್ನದೂ ಬೆಕ್ಕಿನ ಕಣ್ಣು. ಇಡೀ ಕುರುಗೋಡಿನಲ್ಲಿ ಆ ಕಣ್ಣು ನಮ್ಮ ಮನೆಯದೊಂದೇ. ಸಂಶೋಧನೆ ಅಲ್ಲಿಗೆ ಮುಗಿಯಿತು. ನಾನು ಹೊರಗೆ ಬಂದಾಗ ಬಳ್ಳಾರಿಯ ಬಿಸಿಲು ಮೊದಲ ಬಾರಿಗೆ ನನಗೆ ಹೆಚ್ಚೆನಿಸಿತು, ತಂಪು ದೇಶದ ರಕ್ತ ನೋಡಿ.

ಅವತ್ತೇ ಐರ್ಲೆಂಡಿಗೆ ಬರೆದೆ: ಪ್ರಿಯ ಅಣ್ಣನವರೇ, ಹುಡುಕುವುದನ್ನು ನಿಲ್ಲಿಸಿ, ನಾನಿದ್ದೇನೆ. ಅವರು ಬಹಳ ಸಂತೋಷಪಟ್ಟು, ದಂಡಿನ ದಫ್ತರದಿಂದ ಅವನ ಸೇವಾ ದಾಖಲೆ ತರಿಸಿ ಕಳಿಸುತ್ತೇನೆ ಎಂದರು. ನಾನು ಒಂಬತ್ತನೆಯ ಮೊಳೆಯ ಜಾಗದ ಅಳತೆಗೆ ಬಂಗಾರದ ಬಣ್ಣದ ಫೋಟೋ ಕಟ್ಟು ಮಾಡಿಸಿದೆ. ಐರ್ಲೆಂಡಿನವರ ಬಣ್ಣವೆಂದು ಎರಡು ಹಸಿರು ಅಂಗಿ ಹೊಲಿಸಿದೆ. ಐರ್ಲೆಂಡಿನವರು ಆಲೂಗಡ್ಡೆಯ ಮೇಲೆ ಬದುಕಿದವರೆಂದು ಓದಿದ್ದರಿಂದ, ಇನ್ನು ಮುಂದೆ ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಬೇಡ, ಆಲೂಗಡ್ಡೆ ಪಲ್ಯವೇ ಆಗಬೇಕೆಂದು ಅಡುಗೆಮನೆಗೆ ಫರ್ಮಾನು ಹೊರಡಿಸಿದೆ.

"ದ್ರಿಸ್ಕಾಲಪ್ಪನ ಮನಿದೇವರು ಯಾರು ಅಂತ ಕೇಳ್ರಿ ಮೊದಲ" ಎಂದಳು ಕೊಟ್ರಬಸಮ್ಮ, ಬದನೆಕಾಯಿ ಹೆಚ್ಚುತ್ತಲೇ.

ದಾಖಲೆ ಬರುವ ದಿನ ಗೊತ್ತಾಯಿತು. ಸಿರುಗುಪ್ಪದಿಂದ ಅಕ್ಕ ಸುವರ್ಣಮ್ಮ ಮತ್ತು ಮಾವ ಮರಿಬಸಪ್ಪ ಇಬ್ಬರನ್ನೂ ಕರೆಸಿದೆ. ಗೋಡೆಯ ಮೀಸೆಗಳ ಎದುರಿಗೇ, ಜೀವಂತ ಮೀಸೆಯೊಂದರ ಸಮಕ್ಷಮದಲ್ಲಿ, ನನ್ನ ವಂಶದ ಪಟ್ಟಾಭಿಷೇಕವಾಗಬೇಕೆಂಬುದು ನನ್ನ ಹಟ. ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಾಳು ಎಲ್ಲ ಆದ ಮೇಲೆ ಮೊಬೈಲು ಕುಂಯ್ ಎಂದಿತು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕನ್ನಡಿಸುತ್ತ ಓದತೊಡಗಿದೆ. ಮುಂಚೆ ಒಮ್ಮೆ ಒಬ್ಬನೇ ಓದಿಕೊಳ್ಳಬೇಕೆಂಬ ಬುದ್ಧಿ ಹೊಳೆಯಲಿಲ್ಲ.

"೧೮೬೧. ಕವಾಯತಿನಲ್ಲಿ ಕುಡಿದು, ನಿಂತಲ್ಲೇ ನಿದ್ದೆ." ಮಾವ ತಲೆಯಾಡಿಸಿದರು. "೧೮೬೨. ಕ್ಯಾಪ್ಟನ್ ಸಾಹೇಬರ ಬಾತುಕೋಳಿ ಕಾಣೆ. ಪುಕ್ಕ ಮಾತ್ರ ಇವನ ಹಾಸಿಗೆಯಡಿ ಪತ್ತೆ." ನನ್ನ ದನಿ ಇಳಿಯಿತು. "೧೮೬೪. ದಂಡಿನ ಹದಿನಾಲ್ಕನೇ ನಂಬರಿನ ಹಿತ್ತಾಳೆ ನಗಾರಿಯೊಡನೆ..." ಪರಾರಿ ಎಂಬಲ್ಲಿ ವರ್ಗಾವಣೆ ಎಂದು ಓದಿದೆ. ಯಾರೂ ನಂಬಲಿಲ್ಲ.

ಮಾವನ ಮೀಸೆ ತುದಿಯಲ್ಲಿ ಅದುರುತ್ತಿತ್ತು. ಅಕ್ಕ ಮಾತ್ರ ಯೋಚನೆಗೆ ಬಿದ್ದಿದ್ದಳು.

"ಲೇ ಪ್ರಭ್ಯಾ, ಹಿತ್ತಾಳಿದು ಅಂದಿ? ಮ್ಯಾಲೆ ಕಿರೀಟ, ಕೆಳಗ ಹದಿನಾಕು ಅಂತ ಕೊರದಿರ್ತಾರೇನು? ಅದು ನಮ್ಮ ಹುಣಸಿಹಣ್ಣಿನ ಡಬರಿ ಅಲ್ಲೇನೋ. ಅಜ್ಜ ತಳ ಹಾಕಿಸಿ ನನ್ನ ಲಗ್ನದಾಗ ಕೊಟ್ಟಿದ್ದ. ನಮ್ಮನ್ಯಾಗ ಐತಿ."

ನನಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಕದ್ದ ಮಾಲು ಎಲ್ಲಿದೆ? ಸಿರುಗುಪ್ಪದಲ್ಲಿ. ಅಂದಮೇಲೆ ಕಳ್ಳ ಯಾರ ಕಡೆಯವನು? ಕಣ್ಣಿನ ಬಣ್ಣಕ್ಕೆ ಏನರ್ಥ, ಬೆಕ್ಕಿಗೂ ಬೆಕ್ಕಿನ ಕಣ್ಣಿರುತ್ತದೆ. ಹೀಗೆಲ್ಲ ವಾದಿಸಿ, ಎಲ್ಲರ ಎದುರಿಗೇ ಐರ್ಲೆಂಡಿಗೆ ಬರೆದುಬಿಟ್ಟೆ: ಸದರಿ ಡ್ರಿಸ್ಕಾಲನಿಗೂ ನನಗೂ ಯಾವ ರಕ್ತಸಂಬಂಧವೂ ಇಲ್ಲ. ನಗಾರಿ ನನ್ನ ಹೆಂಡತಿಯ ತವರಿನಲ್ಲಿದೆ. ಅಲ್ಲಿಯೇ ವಿಚಾರಿಸುವುದು.

"ಕಳಿಸಿಬಿಟ್ರಾ ಮಾಮಾ?" ಎಂದು ಕೇಳಿದಳು ಕೊಟ್ರಬಸಮ್ಮ. ಕಳಿಸಿದೆ ಎಂದೆ, ಎದೆಯುಬ್ಬಿಸಿ. ಅವಳು ಇನ್ನೊಂದು ಮಿರ್ಚಿ ತೆಗೆದುಕೊಂಡಳು.

ಮೂರನೆಯ ದಿನ ಉತ್ತರ ಬಂತು. ಸಾಹೇಬರು ಅತ್ತುಕೊಂಡೇ ಬರೆದಂತಿತ್ತು. ಆ ಕಾಲದಲ್ಲಿ ದಂಡಿನವರನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆಯುವಾಗ ಆ ನಗಾರಿ ಬಾರಿಸುತ್ತಿದ್ದರಂತೆ. ಹತ್ತೊಂಬತ್ತು ವರ್ಷದ ಗೆಳೆಯನೊಬ್ಬನಿಗೆ ಚಾಟಿಯೇಟು ಬೀಳಬೇಕಾದ ಬೆಳಿಗ್ಗೆ ಕಾರ್ನೀಲಿಯಸ್ ನಗಾರಿಯನ್ನೇ ಎತ್ತಿಕೊಂಡು ಓಡಿದ. ನಗಾರಿಯಿಲ್ಲದೆ ಶಿಕ್ಷೆ ನಡೆಯಲಿಲ್ಲ. ಬದುಕಿ ಊರಿಗೆ ಮರಳಿದ ಆ ಗೆಳೆಯ ಈ ಕಥೆ ಹೇಳಿದ್ದ. ಅಲ್ಲಿನ ಮಕ್ಕಳಿಗೆ ಇವತ್ತಿಗೂ ಅದನ್ನು ಹೇಳುತ್ತಾರಂತೆ. ಆ ವೀರನ ವಂಶದವರು ನಗಾರಿಯ ಪಕ್ಕ ನಿಂತ ಒಂದು ಫೋಟೋ ಕಳಿಸಿದರೆ, ತಮ್ಮ ಊರಿನ ಸಭಾಭವನದಲ್ಲಿ ತೂಗುಹಾಕುತ್ತೇವೆ ಎಂದು ಬೇಡಿಕೊಂಡಿದ್ದರು.

ಓದಿ ಮುಗಿಸುವಾಗ ನನಗೂ ಕಣ್ಣು ತುಂಬಿತು. ಸುಳ್ಳು ಹೇಳಲಾರೆ, ಆ ಕುಡುಕನ ಮೇಲೆ ಆ ಕ್ಷಣ ನನಗೆ ನಿಜವಾದ ಅಭಿಮಾನ ಉಕ್ಕಿತು. ಹಸಿರು ಅಂಗಿ ಹಾಕಿಕೊಂಡೆ. ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತು, ನಡಿ, ವಾರಸುದಾರ ನಾನು ನಡುವೆ ನಿಲ್ಲಬೇಕು ಎಂದೆ.

"ನೀವ್ಯಾಕ ನಿಲ್ತೀರಿ?" ಎಂದಳು ನನ್ನ ಹೆಂಡತಿ ಶಾಂತವಾಗಿ. "ಸಂಬಂಧ ಇಲ್ಲ ಅಂತ ನೀವ ಬರದು ಕೊಟ್ಟೀರಿ. ನಾವ್ಯಾರೂ ಬರದು ಕೊಟ್ಟಿಲ್ಲ. ನಮ್ಮವ್ವ ಕುರುಗೋಡಿನ ಮಗಳು, ದ್ರಿಸ್ಕಾಲಪ್ಪ ನಮ್ಮವ್ವನ ಕಡಿಯಿಂದ ನಮ್ಮಾಂವ. ನನ್ನ ಕಣ್ಣು ಎಂಥಾವು ಅಂತ ಇಪ್ಪತ್ತೆಂಟು ವರ್ಷದಾಗ ಒಮ್ಮೆನರ ನೋಡೀರೇನು ಮಾಮಾ?"

ನೋಡಿದೆ. ಬೆಕ್ಕಿನ ಕಣ್ಣು. (ಅವು ಯಾವಾಗಲೂ ನನ್ನ ಮೇಲೆ ಕೆರಳಿರುತ್ತಿದ್ದುದರಿಂದ ಬಣ್ಣ ಗಮನಿಸುವ ಧೈರ್ಯವಾಗಿರಲಿಲ್ಲ.)

ಸಿರುಗುಪ್ಪದಲ್ಲಿ ಹುಣಸೆಹಣ್ಣು ತೆಗೆದು, ಡಬರಿಯನ್ನು ಬೂದಿ ಹಚ್ಚಿ ತಿಕ್ಕಿ, ವಿಭೂತಿ ಬಳಿದು ಚೆಂಡುಹೂವು ಮುಡಿಸಿದರು. ಬಲಕ್ಕೆ ಅಕ್ಕ, ಎಡಕ್ಕೆ ಹೆಂಡತಿ. ನಡುವೆ ದ್ರಿಸ್ಕಾಲಪ್ಪನಿಗೆ ಹನಿ ರಕ್ತದ ಸಂಬಂಧವೂ ಇಲ್ಲದ ಮಾವ ಮರಿಬಸಪ್ಪ, ಮೀಸೆ ತಿರುವಿಕೊಂಡು. ಫೋಟೋ ತೆಗೆಯಲು ಒಬ್ಬರು ಬೇಕಲ್ಲ? ಮೊಬೈಲು ನನ್ನ ಕೈಗೆ ಬಂತು.

ಈಗ ಒಂಬತ್ತನೆಯ ಮೊಳೆಯೂ ತುಂಬಿದೆ. ನಾನೇ ಮಾಡಿಸಿದ ಬಂಗಾರದ ಕಟ್ಟಿನೊಳಗೆ ಮೂವರು ನಿಂತಿದ್ದಾರೆ, ಮಧ್ಯಾಹ್ನ ಅಡ್ಡಾದರೆ ಇಪ್ಪತ್ತೆರಡು ಕಣ್ಣುಗಳು ನೋಡುತ್ತವೆ. ಐರ್ಲೆಂಡಿನ ಸಭಾಭವನದಲ್ಲೂ ಇದೇ ಫೋಟೋ ಇದೆಯಂತೆ. ಫೋಟೋದ ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ ಮಸುಕೊಂದಿದೆ. ನಮ್ಮ ಮನೆಗೆ ಬಂದವರು ಅದೇನೆಂದು ಕೇಳಿದರೆ ಕೊಟ್ರಬಸಮ್ಮ ದ್ರಿಸ್ಕಾಲಪ್ಪನ ಹೆಸರಿನಲ್ಲಿ ಹಾಕಿದ ಹೂವಿನ ಸರ ಸರಿಪಡಿಸುತ್ತ ಹೇಳುತ್ತಾಳೆ:

"ಅದು ನಮ್ಮ ಮಾಮಾನ ಹೆಬ್ಬಟ್ಟು. ತಗಿವಾಗ ಅಡ್ಡ ಬಂತು."