ತೀರ್ಪುಗಾರರ ಟೋಪಿಯ ಕೆಳಗೆ

ಡರಮ್ ಸೀಮೆಯ ಈರುಳ್ಳಿ ತೀರ್ಪುಗಾರರಾದ ಶ್ರೀ ಎಲ್ಡನ್ ಹೆಸ್ಲಪ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ಹದಿನೈದಕ್ಕೇ ಶಾಲೆ ಬಿಟ್ಟು ಕಲ್ಲಿದ್ದಲ ಗಣಿಗಿಳಿದ ಈ ರಾಲ್ಫ್ ಟೆಲ್ಫರನ ಒರಟು ನಮಸ್ಕಾರಗಳನ್ನು, ಬಿಡುವಿದ್ದರೆ, ಓದುವ ಮನಸ್ಸೂ ಇದ್ದರೆ, ಸ್ವೀಕರಿಸಬೇಕು.

ನಮ್ಮ ಗಣಿ ಕ್ಲಬ್ಬಿನ, ಉದ್ದ ಬಿಳಿ ದಂಟಿನ ಲೀಕ್ ಈರುಳ್ಳಿ ಸ್ಪರ್ಧೆಗೆ ಈ ಸಲ ‘ಡಿಸ್‌ಇಂಟರೆಸ್ಟೆಡ್’ ತೀರ್ಪುಗಾರರು ಬರುತ್ತಾರೆಂದು ಕಾರ್ಯದರ್ಶಿ ಡೆರಿಕ್ ಗೋಡೆಗೆ ಚೀಟಿ ಅಂಟಿಸಿದಾಗ, “ಆಸಕ್ತಿ ಇಲ್ದೋನ್ನ ಹೊರಗಿಂದ ಯಾಕೋ ಕರೆಸ್ತೀಯ, ನಮ್ಮೂರಲ್ಲಿ ಅಂಥೋರಿಗೇನು ಬರವಾ?” ಎಂದು ನಾನು ಕೂಗಾಡಿದ್ದು ನಿಜ. “ಅಯ್ಯೋ ರಾಲ್ಫಣ್ಣ, ಆಸಕ್ತಿ ಇಲ್ದೋನು ‘ಅನ್‌ಇಂಟರೆಸ್ಟೆಡ್’. ಇದು ಬೇರೆ. ಈ ಮನುಷ್ಯಂಗೆ ಇಲ್ಲಿ ಅಣ್ಣನೂ ಇಲ್ಲ ತಮ್ಮನೂ ಇಲ್ಲ, ಯಾರು ಗೆದ್ರೂ ಅವನಿಗೇನೂ ಸಿಗಲ್ಲ. ಯಾರ ಹಂಗೂ ಇಲ್ದೋನು ಅಂತ ಅರ್ಥ” ಎಂದು ಅವನು ಎಲ್ಲರೆದುರು ಪಾಠ ಹೇಳಿದ. ಬಿಯರ್ ಕುಡಿಸಿ ತಪ್ಪಾಯಿತೆಂದೆ. ಆ ಬಿಯರನ್ನು ಈಗ ವಾಪಸು ಕೇಳುವವನಿದ್ದೇನೆ.

ಯಾಕೆಂದರೆ, ಸ್ಪರ್ಧಿಗಳನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕಿದ ಮೇಲೆ ಕಿಟಕಿಯ ಗಾಜಿಗೆ ಮೂಗೊತ್ತಿ ನಾನು ಕಂಡದ್ದು ಇದು: ತಾವು ಕಣ್ಣನ್ನು ಫೋನಿನ ಕುದುರೆ ರೇಸಿಗೂ ಬಾಯನ್ನು ಆಕಳಿಕೆಗೂ ಮೀಸಲಿಟ್ಟು, ಟೋಪಿ ತೆಗೆದು ನನ್ನ ಜೋಡಿ ಲೀಕಿನ ಮೇಲಿಟ್ಟು, ಆ ಟೋಪಿಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಳೆದಿರಿ. ಎರಡು ಪದಗಳನ್ನೂ ಒಂದೇ ಕೋಟಿನೊಳಗೆ ತೂರಿಸಿದ ಮಹಾನುಭಾವರು ತಾವು. ನಿಘಂಟಿನವರು ಎರಡರ ಪಕ್ಕದಲ್ಲೂ ತಮ್ಮ ಒಂದೇ ಭಾವಚಿತ್ರ ಹಾಕಿದರೆ ಸಾಕು.

ಆ ಲೀಕು ನನ್ನ ಹೆಂಡತಿ ಇಸಬೆಲ್ ತವರಿನಿಂದ ತಂದ ತಳಿ. ಅವಳು ಹೋದಳು, ಈ ಬೇಸಗೆಯಲ್ಲಿ ತುಕ್ಕುರೋಗ ಮಿಕ್ಕ ಗಿಡಗಳನ್ನೂ ತಿಂದಿತು. ಉಳಿದದ್ದು ಈ ಜೋಡಿಯೊಂದೇ. ವರ್ಷವೂ ಅವಳು ಲೀಕು ಇಡುತ್ತಿದ್ದ ಸ್ಪರ್ಧೆಯ ಮೇಜು ಬರಿದಾಗಬಾರದೆಂದು ಇಟ್ಟೆ. ಬಹುಮಾನ ಬಂದದ್ದು ಬೀಜಕ್ಕೆ ಮನೆಗೆ, ಬಾರದ್ದು ಮರುದಿನ ಕ್ಲಬ್ಬಿನ ಊಟದ ಸಾರಿಗೆ. ಇದು ನಮ್ಮ ಕ್ಲಬ್ಬಿನ ಕಟ್ಟಳೆ, ನಾನೇ ಕೈಯೆತ್ತಿ ಒಪ್ಪಿದ್ದು.

ಆದ್ದರಿಂದ, ಸಾರಿನೊಳಗಿಂದ ನನ್ನ ಲೀಕನ್ನಷ್ಟೇ ಹೆಕ್ಕಿ, ದಂಟು ಜೋಡಿಸಿ, ಬೇರು ಹಚ್ಚಿ ಮರಳಿಸಬೇಕೆಂದೂ, ಅದಾಗದಿದ್ದರೆ ಮುಂದಿನ ವರ್ಷ ನನ್ನ ಮೇಲೆ ಹಗೆಯಿರುವವರನ್ನೇ ಕಳಿಸಬೇಕೆಂದೂ ಬೇಡುತ್ತೇನೆ. ಹಗೆಯವನು ಕಣ್ಣು ಬಿಟ್ಟಾದರೂ ನೋಡುತ್ತಾನೆ.

ತಮ್ಮಿಂದ ಟೋಪಿ ಹಾಕಿಸಿಕೊಂಡ,
ತಮ್ಮ ವಿಶ್ವಾಸಿ,
ರಾಲ್ಫ್ ಟೆಲ್ಫರ್

ತಾ.ಕ.: ಮರುದಿನದ ಆ ಊಟಕ್ಕೂ ಬಂದು, ಎರಡನೇ ಬಟ್ಟಲು ಸಾರು ಹೀರಿ ತಾವು “ಇದ್ಯಾವ ಲೀಕಮ್ಮಾ, ಇಷ್ಟು ಸಿಹಿ?” ಎಂದು ಕೇಳಿದಿರಂತೆ. ಅಡುಗೆಯ ಮ್ಯಾವಿಸ್ “ನಿನ್ನ ಟೋಪಿ ಕೆಳಗಿತ್ತಲ್ಲ, ಅದೇ ಕಣಪ್ಪ” ಅಂದಳಂತೆ. ತಾವು ಮರೆತು ಹೋದ ಆ ಟೋಪಿ ನನ್ನ ಬಳಿ ಇದೆ. ಮ್ಯಾವಿಸ್ ಕೊಯ್ದು ಎತ್ತಿಟ್ಟಿದ್ದ ಬೇರಿನ ಬುಡಗಳನ್ನು, ಆ ಟೋಪಿಗೇ ಮಣ್ಣು ತುಂಬಿ, ನೆಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಒಂದು ಹಸಿರು ಕುಡಿ ಎದ್ದಿದೆ. ಅಳೆಯಲು ಬರಬೇಡಿ.